ರಿಂಗ್ ಅಷ್ಟೇ ಹಾಕಿ ಕೊಡ್ರಿ

‘ಮಿಸ್ತ್ರಿ, ಎಂಜಿನ್ ಪೂರಾ ಬಿಚ್ಚೂದು ಬ್ಯಾಡ್ರಿ. ರಿಂಗ್ ಅಷ್ಟೇ ಹಾಕಿ ಕೊಡ್ರಿ.’

ಕಲಬುರಗಿಯ ಯಾವ ಗ್ಯಾರೇಜಿನ ಮುಂದೆ ಹೋಗಿ ಕೂತರೂ ಈ ಮಾತು ಇವತ್ತಲ್ಲ ನಾಳೆ ಕಿವಿಗೆ ಬೀಳುತ್ತದೆ. ಹಳೆಯ ಮಾರುತಿ 800 ಅನ್ನು ಮಾರಲು ಮನಸ್ಸಾಗದ ನಿವೃತ್ತ ಮೇಷ್ಟ್ರು ಇದನ್ನೇ ಹೇಳುತ್ತಾರೆ. ಊರಿಂದೂರಿಗೆ ಜನ ತುಂಬಿಕೊಂಡು ಓಡುವ ಕ್ರೂಸರ್ ಚಾಲಕ ಇದನ್ನೇ ಹೇಳುತ್ತಾನೆ. ತೊಗರಿ ರಾಶಿ ಶುರುವಾಗುವ ಮುಂಚೆ ಟ್ರ್ಯಾಕ್ಟರ್ ಸರಿ ಮಾಡಿಸಿಕೊಳ್ಳಲು ಬಂದ ರೈತನ ಬಾಯಲ್ಲೂ ಅದೇ ಮಾತು. ರಿಂಗ್ ಎಂದರೆ ಬೆರಳಲ್ಲಿ ಹಿಡಿದರೆ ಬಾಗುವ, ಒಂದೆರಡು ಮಿಲಿಮೀಟರ್ ದಪ್ಪದ ಲೋಹದ ಬಳೆ. ಅಷ್ಟು ಸಣ್ಣ ವಸ್ತುವಿಗೆ ದೊಡ್ಡ ಖರ್ಚು ಯಾಕೆ ಎಂದು ಗಿರಾಕಿಗೆ ಅನ್ನಿಸುವುದು ಸಹಜ.

ಆದರೆ ಆ ಬಳೆಯ ತನಕ ಕೈ ಹೋಗಬೇಕಾದರೆ ಮೇಲೆ ಹೆಡ್ ಎತ್ತಬೇಕು, ಕೆಳಗೆ ಚೇಂಬರ್, ಅಂದರೆ ಎಣ್ಣೆಯ ತೊಟ್ಟಿ, ಇಳಿಸಬೇಕು, ಕನೆಕ್ಟಿಂಗ್ ರಾಡ್ ಬಿಡಿಸಿ ಪಿಸ್ಟನ್‌ಗಳನ್ನು ಒಂದೊಂದಾಗಿ ಹೊರಗೆ ತೆಗೆಯಬೇಕು. ಅಲ್ಲಿಗೆ ಅರ್ಧ ಎಂಜಿನ್ ಬಿಚ್ಚಿದಂತೆಯೇ ಆಯಿತು. ಅಷ್ಟೆಲ್ಲ ಬಿಚ್ಚಿದ ಮೇಲೆ ಅಳತೆ ತೆಗೆಯದೆ, ತೊಳೆಯದೆ, ಹೊಸ ರಿಂಗ್ ತುರುಕಿ ಮುಚ್ಚಿದರೆ ಗಾಡಿ ಮೂರು ತಿಂಗಳಲ್ಲಿ ಮತ್ತೆ ಹೊಗೆ ಬಿಡುತ್ತದೆ. ಮಿಸ್ತ್ರಿಗೆ ಕೆಟ್ಟ ಹೆಸರು, ಗಿರಾಕಿಗೆ ಎರಡನೇ ಸಲ ಖರ್ಚು. ರಿಂಗ್ ಹಾಕುವ ಕೆಲಸದಲ್ಲಿ ಹಾಕುವುದು ಬಹಳ ಸಣ್ಣ ಭಾಗ. ಅಳೆಯುವುದು ಮತ್ತು ತೊಳೆಯುವುದೇ ನಿಜವಾದ ಕೆಲಸ ಎಂಬುದು ನನ್ನ ಗಟ್ಟಿ ನಂಬಿಕೆ.

ಸಾಮಾನ್ಯವಾಗಿ ಕಾರಿನ ಒಂದು ಪಿಸ್ಟನ್‌ಗೆ ಮೂರು ರಿಂಗ್. ಮೇಲಿನದು ಉರಿಯುವ ಅನಿಲ ಕೆಳಗೆ ನುಸುಳದಂತೆ ತಡೆಯುತ್ತದೆ. ನಡುವಿನದು ಅದಕ್ಕೆ ಜೊತೆಯಾಗುತ್ತದೆ, ಗೋಡೆಯ ಮೇಲಿನ ಎಣ್ಣೆಯನ್ನೂ ಕೆರೆದು ಇಳಿಸುತ್ತದೆ. ಕೆಳಗಿನದು ಆಯಿಲ್ ರಿಂಗ್. ಎರಡು ತೆಳು ಪಟ್ಟಿ, ಅವುಗಳ ನಡುವೆ ಸ್ಪ್ರಿಂಗಿನಂಥ ಒಂದು ಎಕ್ಸ್‌ಪಾಂಡರ್ ಸೇರಿ ಅದು ಆಗುತ್ತದೆ. ಗೋಡೆಗೆ ಬೇಕಾದಷ್ಟೇ ಎಣ್ಣೆ ಉಳಿಸಿ ಮಿಕ್ಕಿದ್ದನ್ನು ಚೇಂಬರಿಗೆ ವಾಪಸ್ ಕಳಿಸುವುದು ಅದರ ಕೆಲಸ. ಇನ್ನೊಂದು ಕೆಲಸ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ: ಪಿಸ್ಟನ್ನಿನ ತಲೆಗೆ ತಗಲುವ ಬೆಂಕಿಯ ಶಾಖದ ದೊಡ್ಡ ಪಾಲು ಈ ರಿಂಗ್‌ಗಳ ಮೂಲಕವೇ ಸಿಲಿಂಡರ್ ಗೋಡೆಗೆ, ಅಲ್ಲಿಂದ ನೀರಿಗೆ ದಾಟುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 42-43 ಡಿಗ್ರಿ ಮುಟ್ಟುವ ನಮ್ಮ ಊರಲ್ಲಿ ರೇಡಿಯೇಟರಿನ ನೀರು ಕಡಿಮೆಯಾದ ಗಾಡಿಯನ್ನು ಎಳೆದಾಡಿದರೆ ಮೊದಲು ಸೊರಗುವವುಗಳಲ್ಲಿ ಈ ರಿಂಗ್‌ಗಳೂ ಸೇರಿವೆ. ಅತಿಯಾಗಿ ಕಾದ ರಿಂಗ್ ತನ್ನ ಬಿಗುವು ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟೇ ತಣ್ಣೀರು ಸುರಿದರೂ ಹೋದ ಬಿಗುವು ಮರಳುವುದಿಲ್ಲ.

ರಿಂಗ್ ಎಷ್ಟು ದುಡಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಮಾರುತಿ 800ರ ಎಂಜಿನ್ 796 ಸಿಸಿಯದು, ಮೂರು ಸಿಲಿಂಡರ್, ಬೋರ್ (ಸಿಲಿಂಡರಿನ ಒಳವ್ಯಾಸ) 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಕಲಬುರಗಿಯ ಜಗತ್ ವೃತ್ತದಿಂದ ಕಮಲಾಪುರಕ್ಕೆ ಅಂದಾಜು ಮೂವತ್ತೈದು ಕಿಲೋಮೀಟರ್. ಗಂಟೆಗೆ ಅರವತ್ತರ ಓಟದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,500 ಸುತ್ತು ಹಾಕಿತು ಎನ್ನೋಣ. ಪ್ರತಿ ಸುತ್ತಿಗೆ ರಿಂಗ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನೀವು ಕಮಲಾಪುರ ಮುಟ್ಟುವಷ್ಟರಲ್ಲಿ ಒಂದೊಂದು ರಿಂಗೂ ಆ 72 ಮಿಲಿಮೀಟರ್ ಜಾಗದೊಳಗೇ ಹನ್ನೆರಡು ಕಿಲೋಮೀಟರಿಗೂ ಹೆಚ್ಚು ದೂರ ಉಜ್ಜಿಕೊಂಡು ಓಡಿರುತ್ತದೆ. ಒಂದೂಮುಕ್ಕಾಲು ಲಕ್ಷ ಸಲ ನಿಂತು ಹಿಂತಿರುಗಿರುತ್ತದೆ. ತಿರುಗುವ ಆ ಕ್ಷಣದಲ್ಲಿ, ಅದರಲ್ಲೂ ಬೆಂಕಿ ಹತ್ತಿರವಿರುವ ಮೇಲ್ತುದಿಯಲ್ಲಿ, ಎಣ್ಣೆಯ ಪದರ ಅತಿ ತೆಳ್ಳಗಿರುತ್ತದೆ. ಅದಕ್ಕೇ ಬೋರ್ ಹೆಚ್ಚು ಸವೆಯುವುದು ಮೇಲ್ಭಾಗದಲ್ಲಿ.

ಒಂದು ಕಡೆ ಸೀಳಿರುವ ಈ ರಿಂಗ್ ಹುಟ್ಟಿದ್ದು ಉಗಿ ಎಂಜಿನ್ ಕಾಲದಲ್ಲಿ. ಅದಕ್ಕೂ ಮುಂಚೆ ಪಿಸ್ಟನ್ ಸುತ್ತ ಕೊಬ್ಬು ಸವರಿದ ನಾರಿನ ಹಗ್ಗ ಸುತ್ತುತ್ತಿದ್ದರು. ಅದು ಬೇಗ ಸುಟ್ಟು ಸವೆಯುತ್ತಿತ್ತು. ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರ‍್ಯಾಮ್ಸ್‌ಬಾಟಮ್ 1852ರಲ್ಲಿ ತನ್ನ ಬಿಗುವಿನಿಂದ ತಾನೇ ಗೋಡೆಗೆ ಒತ್ತಿ ನಿಲ್ಲುವ ಲೋಹದ ರಿಂಗಿಗೆ ಪೇಟೆಂಟ್ ಪಡೆದ. ಮೂಲ ಉಪಾಯ ಇಂದಿಗೂ ಅದೇ. ಕರ್ನಾಟಕಕ್ಕೂ ಈ ಕಸುಬು ಹೊಸದಲ್ಲ. ರಿಂಗ್ ತಯಾರಿಸುವ ಗೋಯೆಟ್ಜೆ ಕಂಪನಿಯ ಕಾರ್ಖಾನೆ ಬೆಂಗಳೂರಿನ ಯಲಹಂಕದಲ್ಲೇ ಇದೆ.

ಸರಿ, ಗಾಡಿ ಹೊಗೆ ಬಿಡುತ್ತಿದೆ. ಅದು ರಿಂಗಿನದೇ ದೋಷವೋ?

ಬಿಚ್ಚುವ ಮುಂಚೆ ಇದನ್ನು ತೀರ್ಮಾನಿಸಬೇಕು. ಕಪ್ಪು ಹೊಗೆ ಇಂಧನದ್ದು. ಬಿಳಿ ಹೊಗೆ ಬಿಡದೆ ಬರುತ್ತಿದ್ದು ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದರ ಗುರುತು. ನೀಲಿಯಲ್ಲೂ ಎರಡು ಬಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ ಅದು ಬಹುಪಾಲು ವಾಲ್ವ್ ಸೀಲಿನದು. ಏರಿನಲ್ಲಿ, ಲೋಡಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ರಿಂಗ್ ಮೇಲೆ ಸಂಶಯ. ಎಂಜಿನ್ ಓಡುತ್ತಿರುವಾಗ ಎಣ್ಣೆ ಸುರಿಯುವ ಕ್ಯಾಪ್ ಬಿಚ್ಚಿದಾಗ ಅಲ್ಲಿಂದ ಹಬೆ ಒತ್ತಿ ಬರುತ್ತಿದ್ದರೆ ಸಂಶಯ ಇನ್ನೂ ಗಟ್ಟಿಯಾಗುತ್ತದೆ.

ಖಚಿತ ಪರೀಕ್ಷೆ ಕಂಪ್ರೆಶನ್ ಗೇಜಿನದು. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ ಬಿಚ್ಚಿ, ಆ ಜಾಗಕ್ಕೆ ಗೇಜ್ ಕೂರಿಸಿ, ಸೆಲ್ಫ್ ಹೊಡೆದು ಪ್ರತಿ ಸಿಲಿಂಡರಿನ ಒತ್ತಡ ಬರೆದುಕೊಳ್ಳಬೇಕು. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆ ರಿಂಗಿನ ಸುತ್ತ ನಿಂತು ಸಂದು ಮುಚ್ಚುತ್ತದೆ. ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನದು. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಎಂಜಿನ್ ಇಳಿಸಲು ಯಾರಾದರೂ ಹೊರಟರೆ ಗಾಡಿ ವಾಪಸ್ ತನ್ನಿ.

ಹೆಡ್ ಎತ್ತಿದ ಮೇಲೆ ಬೋರಿನ ಮೇಲಂಚಿಗೆ ಉಗುರು ತಾಗಿಸಿ ನೋಡಿ. ತುಸು ಕೆಳಗೆ ಒಂದು ಮೆಟ್ಟಿಲು ಸಿಗುತ್ತದೆ. ರಿಂಗ್ ಮುಟ್ಟದ ಜಾಗ ಹಾಗೇ ಉಳಿದು, ಮುಟ್ಟಿದ ಜಾಗ ಸವೆದು ಆದ ಮೆಟ್ಟಿಲು ಅದು. ಅದನ್ನು ರೀಮರಿನಿಂದ ತೆಗೆಯದೆ ಪಿಸ್ಟನ್ ಮೇಲಕ್ಕೆ ಹೊಡೆದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕೊರೆತಗಳ ಅಂಚುಗಳು ಒಡೆಯುತ್ತವೆ. ಹಳೆಯ ರಿಂಗಿನ ಮೂಲೆ ಸವೆದು ದುಂಡಾಗಿರುತ್ತದೆ. ಹೊಸ ರಿಂಗಿನ ಮೂಲೆ ಚೂಪು. ಆ ಮೆಟ್ಟಿಲಿಗೆ ಅದು ಪ್ರತಿ ಸುತ್ತಿನಲ್ಲೂ ಬಡಿದು ಮುರಿಯುತ್ತದೆ.

ಇನ್ನು ಅಳತೆ. ಬೋರ್ ಗೇಜ್ ಇದ್ದರೆ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಒಂದೊಂದು ಕಡೆಯೂ ಉದ್ದ-ಅಡ್ಡ ಎರಡು ದಿಕ್ಕಿನಲ್ಲಿ ಅಳೆಯಬೇಕು. ಮೇಲೆ ಅಗಲ ಕೆಳಗೆ ಕಿರಿದಾಗಿದ್ದರೆ ಟೇಪರ್. ಒಂದು ದಿಕ್ಕಿಗೆ ಹಿಗ್ಗಿದ್ದರೆ ಓವಲ್. ಗೇಜ್ ಇಲ್ಲದ ಗ್ಯಾರೇಜಿನಲ್ಲೂ ಟೇಪರ್ ಹಿಡಿಯಲು ದಾರಿ ಇದೆ, ಅದಕ್ಕೆ ಹೊಸ ರಿಂಗೇ ಸಾಕು. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ತಳ್ಳಿ ನೆಟ್ಟಗೆ ಕೂರಿಸಿ. ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಒಮ್ಮೆ ಮೇಲೆ, ಒಮ್ಮೆ ತಳದಲ್ಲಿ. ಮೇಲೆ 0.55 ಮಿ.ಮೀ., ಕೆಳಗೆ 0.25 ಮಿ.ಮೀ. ಬಂತು ಎನ್ನಿ. ವ್ಯತ್ಯಾಸ 0.30. ಅದನ್ನು 3.14ರಿಂದ ಭಾಗಿಸಿದರೆ ಬೋರ್ ಮೇಲೆ ಹೆಚ್ಚುಕಡಿಮೆ 0.10 ಮಿಲಿಮೀಟರ್ ಹಿಗ್ಗಿದೆ ಎಂದಾಯಿತು. ಇಂಥ ಬೋರಿನಲ್ಲಿ ರಿಂಗ್ ಮೇಲೆ ಹೋದಾಗ ಬಿಚ್ಚಿಕೊಳ್ಳುತ್ತದೆ, ಕೆಳಗೆ ಬಂದಾಗ ಮುಚ್ಚಿಕೊಳ್ಳುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಹೀಗೆ ಉಸಿರಾಡಿದ ರಿಂಗ್ ಎಷ್ಟು ದಿನ ಬಾಳೀತು? ಇಲ್ಲಿ ರಿಂಗ್ ಅಷ್ಟೇ ಹಾಕುವುದು ದುಡ್ಡು ಸುಟ್ಟಂತೆ. ಲೇಥಿಗೆ ಕಳಿಸಿ ರಿಬೋರ್ ಮಾಡಿಸಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್-ರಿಂಗ್ ಹಾಕಿಸುವುದೇ ಅಗ್ಗ. ಟ್ರ್ಯಾಕ್ಟರ್, ಲಾರಿಗಳಲ್ಲಿ ಸಾಮಾನ್ಯವಾಗಿ ಸ್ಲೀವ್ (ಸಿಲಿಂಡರಿನ ಒಳಕೊಳವೆ) ಬದಲಿಸಲು ಬರುತ್ತದೆ. ಬೋರ್ ಚೆನ್ನಾಗಿದ್ದು, ಉದ್ದ ಗೀರುಗಳಿಲ್ಲದಿದ್ದರೆ ಮಾತ್ರ ಗಿರಾಕಿಯ ಮೊದಲ ಮಾತು ನಡೆಯುತ್ತದೆ.

ರಿಂಗಿನ ತುದಿಗಳ ನಡುವಿನ ಆ ಸಂದಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಅದು ಶೂನ್ಯವಾಗಿದ್ದರೆ ಒಳ್ಳೆಯದು ಎಂದು ನಂಬುವವರು ಇದ್ದಾರೆ. ಬೀಡುಕಬ್ಬಿಣ ಕಾದರೆ ಹಿಗ್ಗುತ್ತದೆ. 68.5 ಮಿ.ಮೀ. ಬೋರಿನ ಸುತ್ತಳತೆ 215 ಮಿ.ಮೀ. ರಿಂಗ್ ಗೋಡೆಗಿಂತ ಬರೀ 80 ಡಿಗ್ರಿ ಹೆಚ್ಚು ಕಾದರೂ ಅದರ ಉದ್ದ 0.19 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ ಎರಡು ತುದಿಗಳು ಡಿಕ್ಕಿ ಹೊಡೆದು, ರಿಂಗ್ ಗೋಡೆಯನ್ನು ಕೆರೆದು, ಮುರಿದು, ಪಿಸ್ಟನ್ನನ್ನೂ ಹಾಳು ಮಾಡುತ್ತದೆ. ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಎಂಬುದು ಪೆಟ್ರೋಲ್ ಕಾರುಗಳಿಗೆ ಬಳಕೆಯಲ್ಲಿರುವ ಅಂದಾಜು. ಈ ಎಂಜಿನ್ನಿಗೆ ಅದು 0.27 ಮಿ.ಮೀ. ಆಸುಪಾಸು ಬರುತ್ತದೆ. ಕಂಪನಿಯ ಪುಸ್ತಕ ಸಿಕ್ಕರೆ ಅದರ ಅಂಕಿಯೇ ಅಂತಿಮ. ಸಂದು ಕಡಿಮೆಯಾದರೆ ಸಣ್ಣ ಅರದಿಂದ ಹೊರಮೈಯಿಂದ ಒಳಕ್ಕೆ ಮಾತ್ರ ಉಜ್ಜಬೇಕು. ಒಳಗಿಂದ ಹೊರಕ್ಕೆ ಎಳೆದರೆ ಅಂಚಿನ ಕ್ರೋಮ್ ಲೇಪ ಎದ್ದು ಬರುತ್ತದೆ. ಸವೆದ ಬೋರಿನಲ್ಲಿ ಈ ಅಳತೆಯನ್ನು ಕಿರಿದಾದ ತಳದಲ್ಲೇ ನಂಬಬೇಕು. ಮೇಲೆ ಅಳೆದು ಸರಿಯಿದೆ ಎಂದರೆ ಕೆಳಗೆ ಬಂದಾಗ ತುದಿಗಳು ಕೂಡಿಬಿಡುತ್ತವೆ.

ಹೋನಿಂಗ್‌ಗೆ ಬರೋಣ. ಓಡಿ ಓಡಿ ಬೋರಿನ ಗೋಡೆ ಕನ್ನಡಿಯಾಗಿರುತ್ತದೆ. ಬೀಸುಕಲ್ಲು ನುಣ್ಣಗಾದಾಗ ಉಳಿಯಿಂದ ಕಚ್ಚು ಹಾಕಿಸಿದ ಹಾಗೆ ಈ ಗೋಡೆಗೂ ಸಣ್ಣ ಗೀರು ಮೂಡಿಸಬೇಕು. ಉಜ್ಜುವ ಕಲ್ಲುಗಳಿರುವ ಹೋನ್ ತಿರುಗುತ್ತಿರುವಾಗ ಅದನ್ನು ಮೇಲೆ-ಕೆಳಗೆ ಒಂದೇ ಲಯದಲ್ಲಿ ಆಡಿಸಿದರೆ ಗೀರುಗಳು 45ರಿಂದ 60 ಡಿಗ್ರಿ ಕೋನದಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಆ ಗೀರಿನಲ್ಲಿ ಎಣ್ಣೆ ನಿಲ್ಲುತ್ತದೆ, ಗೀರಿನ ತುದಿಗಳಲ್ಲಿ ಹೊಸ ರಿಂಗ್ ತನ್ನನ್ನು ತಾನೇ ಉಜ್ಜಿಕೊಂಡು ಗೋಡೆಗೆ ಹೊಂದಿಕೊಳ್ಳುತ್ತದೆ.

ಮುಂದಿನ ಹೆಜ್ಜೆಯಲ್ಲಿ ನಮ್ಮ ಕಡೆ ಎಷ್ಟೋ ಎಂಜಿನ್‌ಗಳು ಸಾಯುತ್ತವೆ. ಹೋನ್ ಮಾಡಿದ ಬೋರನ್ನು ಡೀಸೆಲ್ಲಿನಲ್ಲೋ ಪೆಟ್ರೋಲಿನಲ್ಲೋ ಒರೆಸಿ ಬಿಡುತ್ತಾರೆ. ಡೀಸೆಲ್ ಜಿಡ್ಡು ತೆಗೆಯುತ್ತದೆ; ಹೋನಿಂಗ್ ಕಲ್ಲಿನ ಪುಡಿ ಮಾತ್ರ ಗೀರಿನೊಳಗೇ ಕೂತಿರುತ್ತದೆ. ಆ ಪುಡಿ ಹೊಸ ರಿಂಗನ್ನು ಮೊದಲ ದಿನದಿಂದಲೇ ತಿನ್ನಲು ಶುರು ಮಾಡುತ್ತದೆ. ಬಿಸಿನೀರು, ಬಟ್ಟೆ ಒಗೆಯುವ ಸೋಪಿನ ಪುಡಿ, ಗಟ್ಟಿ ಬ್ರಷ್ ಇವೇ ಇದಕ್ಕೆ ಮದ್ದು. ತಿಕ್ಕಿ, ತೊಳೆದು, ಮತ್ತೆ ತಿಕ್ಕಬೇಕು. ಒಣಗಿದ ಕೂಡಲೇ ಎಣ್ಣೆ ಹಚ್ಚಬೇಕು, ತಡ ಮಾಡಿದರೆ ಬರಿ ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಕೊನೆಗೆ ಎಣ್ಣೆಯಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಮತ್ತೆ ಮೊದಲಿಂದ. ಬಟ್ಟೆ ಬಿಳಿಯಾಗೇ ಉಳಿಯುವ ತನಕ ಬಿಡಬಾರದು. ಬ್ಲಾಕ್ ಗಾಡಿಯಲ್ಲೇ ಉಳಿದಿದ್ದರೆ ಹೀಗೆ ನೀರು ಹಾಕಿ ತೊಳೆಯಲು ಬರುವುದಿಲ್ಲ. ಅದಕ್ಕೇ ಹೋನ್ ಮಾಡಬೇಕಾದ ಎಂಜಿನ್ನನ್ನು ಕೆಳಗಿಳಿಸಿ ಬ್ಲಾಕ್ ಬೇರೆ ಮಾಡುವುದೇ ಸರಿಯಾದ ಕ್ರಮ. ಕಾರ್ಮೋಡದಂತೆ ಧೂಳೇಳುವ ರಸ್ತೆ ಪಕ್ಕದ ಗ್ಯಾರೇಜಿನಲ್ಲಿ ತೊಳೆದ ಬ್ಲಾಕನ್ನು ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಡದಿದ್ದರೆ ಮಾಡಿದ್ದೆಲ್ಲ ನೀರುಪಾಲು.

ಪಿಸ್ಟನ್ನಿನ ಕೊರೆತಗಳಲ್ಲಿ ಕಪ್ಪು ಕಾರ್ಬನ್ ಗಟ್ಟಿಯಾಗಿರುತ್ತದೆ. ಮುರಿದ ಹಳೆ ರಿಂಗಿನ ತುಂಡಿನಿಂದ ಅದನ್ನು ಕೆರೆಯುವುದು ಉಸ್ತಾದರಿಂದ ಬಂದ ರೂಢಿ. ಕಾರ್ಬನ್ ಮಾತ್ರ ಬರಬೇಕು, ಅಲ್ಯೂಮಿನಿಯಂ ಬರಬಾರದು. ಆಯಿಲ್ ರಿಂಗ್ ಕೊರೆತದ ತಳದ ಸಣ್ಣ ತೂತುಗಳೂ ತೆರೆದಿರಬೇಕು, ಎಣ್ಣೆ ಚೇಂಬರಿಗೆ ಮರಳುವ ದಾರಿ ಅವೇ.

ಹಾಕುವಾಗ ಆಯಿಲ್ ರಿಂಗ್ ಮೊದಲು. ಎಕ್ಸ್‌ಪಾಂಡರಿನ ತುದಿಗಳು ಒಂದಕ್ಕೊಂದು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಏರಬಾರದು. ಆಮೇಲೆ ಎರಡು ಪಟ್ಟಿ, ಆಮೇಲೆ ನಡುವಿನದು, ಕಡೆಗೆ ಮೇಲಿನದು. ರಿಂಗ್ ಎಕ್ಸ್‌ಪಾಂಡರ್ ಎಂಬ ಉಪಕರಣ ಬಳಸಿದರೆ ರಿಂಗ್ ತಿರುಚಿಕೊಳ್ಳುವುದಿಲ್ಲ. ರಿಂಗಿನ ಮೈಮೇಲೆ ತುದಿಯ ಹತ್ತಿರ ಟಿ, ಆರ್, ಎನ್ ಹೀಗೆ ಯಾವುದೋ ಒಂದು ಸಣ್ಣ ಅಕ್ಷರ ಕೊರೆದಿರುತ್ತದೆ. ಅದು ಪಿಸ್ಟನ್ನಿನ ತಲೆಯ ಕಡೆಗೆ ಮುಖ ಮಾಡಬೇಕು. ಎರಡನೇ ರಿಂಗಿನ ಮುಖ ಅನೇಕ ಎಂಜಿನ್‌ಗಳಲ್ಲಿ ತುಸು ಓರೆಯಾಗಿದ್ದು, ಕೆಳ ಅಂಚು ಗೋಡೆಗೆ ತಾಗಿ ಎಣ್ಣೆಯನ್ನು ಕೆಳಗೆ ಕೆರೆಯುತ್ತದೆ. ತಲೆಕೆಳಗಾಗಿ ಹಾಕಿದರೆ ಅದೇ ಅಂಚು ಎಣ್ಣೆಯನ್ನು ಮೇಲಕ್ಕೆ, ಬೆಂಕಿಯ ಬಾಯಿಗೆ ತಳ್ಳುತ್ತದೆ. ‘ಹೊಸ ರಿಂಗ್ ಹಾಕ್ಸಿದ ಮ್ಯಾಲೆ ಗಾಡಿ ಮೊದಲಿಗಿಂತ ಜಾಸ್ತಿ ಎಣ್ಣಿ ಕುಡಿಲಿಕತ್ತದರಿ’ ಎಂದು ಗಿರಾಕಿ ಮರಳಿ ಬಂದರೆ ಮಿಸ್ತ್ರಿ ಮೊದಲು ಈ ತಪ್ಪನ್ನೇ ನೆನೆಯಬೇಕು.

ಮೂರು ರಿಂಗ್‌ಗಳ ಸಂದು ಒಂದೇ ಸಾಲಿಗೆ ಬಾರದಂತೆ 120 ಡಿಗ್ರಿ ಅಂತರದಲ್ಲಿ ತಿರುಗಿಸಿಟ್ಟು, ಪಿಸ್ಟನ್ನಿಗೂ ಬೋರಿಗೂ ಧಾರಾಳ ಎಣ್ಣೆ ಹಚ್ಚಿ, ರಿಂಗ್ ಕಂಪ್ರೆಸರ್ ಬಿಗಿದು, ಪಿಸ್ಟನ್ ತಲೆಯ ಬಾಣದ ಗುರುತು ಎಂಜಿನ್ನಿನ ಮುಂಭಾಗಕ್ಕೆ ಬರುವಂತೆ ಇಳಿಸಬೇಕು. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸಾಕು. ಇದ್ದಕ್ಕಿದ್ದ ಹಾಗೆ ಗಟ್ಟಿಯಾಯಿತೋ, ಅಲ್ಲೇ ನಿಲ್ಲಿಸಿ. ರಿಂಗ್ ಹೊರಗೆ ಚಿಮ್ಮಿ ಬ್ಲಾಕಿನ ಅಂಚಿಗೆ ಸಿಕ್ಕಿರುತ್ತದೆ, ಇನ್ನೊಂದು ಏಟು ಬಿದ್ದರೆ ಮುರಿಯಿತು. ರಾಡಿನ ಬೋಲ್ಟ್‌ಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸಿದರೆ ಕ್ರ್ಯಾಂಕಿಗೆ ಗೀರು ಬೀಳುವುದಿಲ್ಲ. ಮಿಕ್ಕಿದ್ದು ಟಾರ್ಕ್ ರೆಂಚಿನ ಕೆಲಸ.

ಕಟ್ಟಿದ ಎಂಜಿನ್ನಿನ ರಿಂಗ್ ಗೋಡೆಗೆ ಕೂರಲು ಕಮಲಾಪುರದ ದಾರಿ ಬಹಳ ಚೆನ್ನಾಗಿ ಒದಗುತ್ತದೆ. ‘ಹೊಸ ಎಂಜಿನ್, ಒಂದಿನ ನಿಂತಲ್ಲೇ ಓಡಲಿ’ ಎಂದು ಐಡ್ಲಿಂಗಿನಲ್ಲಿ ಬಿಡುವ ರೂಢಿ ತಪ್ಪು. ರಿಂಗಿಗೆ ಸ್ವಂತ ಬಿಗುವು ಕಡಿಮೆ. ಉರಿದ ಅನಿಲ ಅದರ ಹಿಂದೆ ನುಗ್ಗಿ ಗೋಡೆಗೆ ಒತ್ತಿದಾಗಲೇ ಅದು ಕೂರುವುದು, ಆ ಒತ್ತಡ ಲೋಡಿನಲ್ಲಿ ಮಾತ್ರ ಸಿಗುತ್ತದೆ. ನಿಂತಲ್ಲೇ ಓಡಿಸಿದರೆ ಹೊಸ ಗೀರುಗಳ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ, ರಿಂಗ್ ಇನ್ನೆಂದೂ ಕೂರುವುದಿಲ್ಲ. ಎಣ್ಣೆಯ ಒತ್ತಡ, ನೀರು, ಸೋರಿಕೆ ನೋಡಿಕೊಂಡು ಹೊರಡಿ. ಜಗತ್ ವೃತ್ತದ ಗದ್ದಲ, ಹುಮನಾಬಾದ್ ಬೇಸ್, ಕಪನೂರ ಕೈಗಾರಿಕಾ ಪ್ರದೇಶ ದಾಟುವ ತನಕ ಸಮಾಧಾನದಿಂದ ಸಾಗಿ. ಮುಂದೆ ರಸ್ತೆ ಖಾಲಿ ಸಿಕ್ಕಲ್ಲಿ ಟಾಪ್ ಗೇರಿನಲ್ಲಿ ನಲವತ್ತರಿಂದ ಅರವತ್ತಕ್ಕೆ ಏರಿಸಿ, ಕಾಲು ತೆಗೆದು ಮತ್ತೆ ನಲವತ್ತಕ್ಕೆ ಇಳಿಯಲು ಬಿಡಿ. ಏರಿಸುವಾಗ ರಿಂಗ್ ಗೋಡೆಗೆ ಒತ್ತುತ್ತದೆ. ಇಳಿಯುವಾಗ ಸಿಲಿಂಡರಿನೊಳಗಿನ ಎಳೆತಕ್ಕೆ ಎಣ್ಣೆ ಮೇಲೆ ಬಂದು ಉಜ್ಜಿದ ಪುಡಿಯನ್ನು ತೊಳೆದು ತಂಪು ಮಾಡುತ್ತದೆ. ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರ ಸೇರುವಷ್ಟರಲ್ಲಿ ಇದನ್ನು ಹತ್ತಾರು ಸಲ ಮಾಡಬಹುದು. ಅಲ್ಲಿ ನಿಲ್ಲಿಸಿ, ಕೆಂಪು ಬಾಳೆಹಣ್ಣು ಕೊಂಡು, ಎಂಜಿನ್ ತಣಿದ ಮೇಲೆ ಎಣ್ಣೆ, ನೀರು ಮತ್ತೊಮ್ಮೆ ನೋಡಿ ಹಿಂತಿರುಗಿ. ಮೊದಲ ಸಾವಿರ ಕಿಲೋಮೀಟರ್ ಸಾದಾ ಮಿನರಲ್ ಆಯಿಲ್ ಇರಲಿ, ಅತಿ ಲೋಡ್ ಬೇಡ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಬೇಡ. ಆ ಸಾವಿರ ಮುಗಿಯುವ ಮುಂಚೆಯೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ.

ಏರ್ ಫಿಲ್ಟರನ್ನು ಮರೆಯಬೇಡಿ. ರಸ್ತೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಬೀಡುಕಬ್ಬಿಣಕ್ಕಿಂತ ಗಟ್ಟಿ. ಫಿಲ್ಟರ್ ಹರಿದಿದ್ದರೆ ಅಥವಾ ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಸೀಳಿದ್ದರೆ ಪ್ರತಿ ಉಸಿರಿಗೂ ಎಂಜಿನ್ ಉಪ್ಪುಕಾಗದ ನುಂಗಿದ ಹಾಗೆಯೇ. ರಾಶಿ ಕಾಲದಲ್ಲಿ ಹೊಲದ ದಾರಿ ಓಡಾಡುವ ಗಾಡಿಗಳ ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ತೆಗೆದು ನೋಡಬೇಕು.

ಕಲಬುರಗಿಯ ಮಿಸ್ತ್ರಿಗಳ ಕೈಯಲ್ಲಿ ಈ ವಿದ್ಯೆ ಇಲ್ಲದಿಲ್ಲ. ಬೋರಿನ ಮೇಲೆ ಬೆರಳಾಡಿಸಿಯೇ ಸವೆತ ಹೇಳುವವರು ನಮ್ಮಲ್ಲಿದ್ದಾರೆ. ಅವರಿಗೆ ಸಿಗದಿರುವುದು ಸಮಯ ಮತ್ತು ಆ ಸಮಯದ ಕೂಲಿ. ಬ್ಲಾಕ್ ತೊಳೆಯಲು ಅರ್ಧ ದಿನ ಬೇಕು ಎಂದರೆ ‘ಅದಕ್ಕೂ ರೊಕ್ಕಾ?’ ಎನ್ನುವ ಗಿರಾಕಿ ಎದುರಿಗೆ ನಿಂತಿದ್ದರೆ ಅವರು ಡೀಸೆಲ್ಲಿನಲ್ಲಿ ಒರೆಸಿ ಮುಚ್ಚದೆ ಇನ್ನೇನು ಮಾಡಿಯಾರು? ಮುಂದಿನ ಸಲ ಎಂಜಿನ್ ಬಿಚ್ಚಿಸುವಾಗ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಅಂಕಿಯಲ್ಲಿ ಮಾಡಿ. ಬಿಚ್ಚುವ ಮುಂಚಿನ ಕಂಪ್ರೆಶನ್, ಬೋರಿನ ಮೇಲಿನ ಮತ್ತು ಕೆಳಗಿನ ಅಳತೆ, ಪ್ರತಿ ಸಿಲಿಂಡರಿನ ರಿಂಗ್ ಸಂದು, ಸಾವಿರ ಕಿಲೋಮೀಟರ್ ಓಡಿದ ಮೇಲಿನ ಕಂಪ್ರೆಶನ್, ಈ ನಾಲ್ಕನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ತೊಳೆಯುವ ಅರ್ಧ ದಿನದ ದುಡ್ಡನ್ನು ಮೊದಲೇ ಕೊಟ್ಟುಬಿಡಿ.